ಔಟ್‌ಬೋರ್ಡ್ ಯಂತ್ರದ ಎಣ್ಣೆ ಬದಲಾವಣೆ: ದಂಡೆಯ ಮೇಲೆ ಚೆಲ್ಲದಂತೆ ಅನುಸರಿಸಬೇಕಾದ ಕ್ರಮ

ಪೀಠಿಕೆ

ಕುಮಟಾ ತಾಲ್ಲೂಕಿನ ಗೋಕರ್ಣದ ದಕ್ಷಿಣಕ್ಕೆ, ಕುಡ್ಲೆ ತೀರವನ್ನು ದಾಟಿದ ನಂತರ ಬರುವ ಓಂ ಬೀಚ್, ಗುಡ್ಡದ ಮೇಲಿನಿಂದ ನೋಡಿದಾಗ ಓಂಕಾರದ ಆಕೃತಿಯಲ್ಲಿ ಕಾಣುವ ಕಾರಣದಿಂದ ಆ ಹೆಸರನ್ನು ಪಡೆದಿದೆ. ಬಾಗಿದ ಎರಡು ಮರಳ ದಂಡೆಗಳು, ಅವುಗಳ ನಡುವೆ ಕಡಲಿಗೆ ಚಾಚಿದ ಬಂಡೆಗಳು ಮತ್ತು ಹಿಂಬದಿಯ ಗುಡ್ಡ ಇವು ಇಲ್ಲಿನ ಭೂರಚನೆ. ಈ ತೀರದಿಂದ ಹಾಫ್ ಮೂನ್ ಹಾಗೂ ಪ್ಯಾರಡೈಸ್ ತೀರಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳೂ, ದಕ್ಷಿಣದಲ್ಲಿ ಅಘನಾಶಿನಿ ಅಳಿವೆಯ ತದಡಿ ಬಂದರಿನ ಸುತ್ತಮುತ್ತಲಿನ ಮೋಟಾರೀಕೃತ ನಾಡದೋಣಿಗಳೂ ಬಹುಮಟ್ಟಿಗೆ ಹಿಂಭಾಗದ ಹಲಗೆಗೆ ಬಿಗಿಯುವ ಔಟ್‌ಬೋರ್ಡ್ ಯಂತ್ರಗಳನ್ನೇ ಅವಲಂಬಿಸಿವೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿಯೂ ಭಟ್ಕಳದ ತೀರದಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಭಿನ್ನವಲ್ಲ.

ಕರಾವಳಿಯ ನಾಡದೋಣಿಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿದ್ದುದು ಸೀಮೆಎಣ್ಣೆಯಿಂದ ನಡೆಯುವ ಟು ಸ್ಟ್ರೋಕ್ ಯಂತ್ರ. 2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ, ಸೀಮೆಎಣ್ಣೆ ಯಂತ್ರಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಯಂತ್ರಗಳಿಗೆ ಬದಲಾಯಿಸಿಕೊಳ್ಳಲು ತಲಾ 50,000 ರೂಪಾಯಿಗಳ ಸಹಾಯಧನವನ್ನು ಪ್ರಕಟಿಸಲಾಯಿತು. ಈಗ ಮಾರುಕಟ್ಟೆಯಲ್ಲಿ ದೊರೆಯುವ ಪೆಟ್ರೋಲ್ ಔಟ್‌ಬೋರ್ಡ್‌ಗಳ ಪೈಕಿ ಹೆಚ್ಚಿನವು ಫೋರ್ ಸ್ಟ್ರೋಕ್ ಯಂತ್ರಗಳು. ಇಂಧನದ ಉಳಿತಾಯ, ಹೊಗೆಯ ಇಳಿಕೆ, ಸದ್ದಿನ ಇಳಿಕೆ ಮುಂತಾದ ಅನುಕೂಲಗಳು ಇವುಗಳಲ್ಲಿ ಇರುವುದು ನಿಜ. ಆದರೆ ಇವುಗಳ ಜೊತೆಯಲ್ಲಿ, ಟು ಸ್ಟ್ರೋಕ್ ಯಂತ್ರಕ್ಕೆ ಅಭ್ಯಾಸವಾದ ಮೀನುಗಾರರು ಇದುವರೆಗೆ ಮಾಡಿರದ ಒಂದು ಕೆಲಸವೂ ಬಂದಿದೆ. ನಿಗದಿತ ಗಂಟೆಗಳಿಗೊಮ್ಮೆ ಯಂತ್ರದ ಒಡಲಿನಿಂದ ಹಳೆಯ ಎಣ್ಣೆಯನ್ನು ಹೊರತೆಗೆದು ಹೊಸದನ್ನು ತುಂಬುವುದೇ ಆ ಕೆಲಸ. ಹೀಗೆ ಹೊರಬಂದ ಕಪ್ಪು ಎಣ್ಣೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದಿದ್ದಲ್ಲಿ ಅದು ಮರಳಿಗೆ ಹೋಗುತ್ತದೆ.

ಟು ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್: ಎಣ್ಣೆಯ ದೃಷ್ಟಿಯಿಂದ ವ್ಯತ್ಯಾಸ

ಟು ಸ್ಟ್ರೋಕ್ ಯಂತ್ರದಲ್ಲಿ ಲೂಬ್ರಿಕೇಷನ್ ಎಣ್ಣೆಯು ಇಂಧನದೊಂದಿಗೇ ಒಳಹೋಗಿ, ಅದರೊಂದಿಗೇ ಉರಿದು ಹೋಗುತ್ತದೆ. ಪೂರ್ತಿಯಾಗಿ ಉರಿಯದ ಭಾಗವು ಹೊಗೆಯ ಮೂಲಕ ನೀರಿಗೆ ಸೇರುತ್ತದೆ. ಹಳೆಯ ಯಂತ್ರ ಚಾಲೂ ಆದಾಗ ನೀರಿನ ಮೇಲೆ ಕಾಣುವ ಬಣ್ಣಬಣ್ಣದ ಪೊರೆ ಇದೇ ಆಗಿದೆ. ಅದರಲ್ಲಿ ಪ್ರತ್ಯೇಕವಾಗಿ ಬದಲಾಯಿಸಬೇಕಾದ ಇಂಜಿನ್ ಎಣ್ಣೆ ಇರುವುದಿಲ್ಲ. ಕಾಲಿನ ತುದಿಯ ಗೇರ್ ಪೆಟ್ಟಿಗೆಯಲ್ಲಿ ಮಾತ್ರ ಸ್ವಲ್ಪ ಎಣ್ಣೆ ಇರುತ್ತದೆ.

ಫೋರ್ ಸ್ಟ್ರೋಕ್ ಯಂತ್ರದಲ್ಲಿ ಮೋಟಾರ್ ಸೈಕಲ್ಲಿನಲ್ಲಿರುವಂತೆ ಎಣ್ಣೆಗೆ ಪ್ರತ್ಯೇಕ ಸ್ಥಳವಿದೆ. 8 ರಿಂದ 10 ಅಶ್ವಶಕ್ತಿಯ ಯಂತ್ರಕ್ಕೆ ಸುಮಾರು ಒಂದು ಲೀಟರ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಎಣ್ಣೆ ಹಿಡಿಯುತ್ತದೆ. ನಿಖರವಾದ ಪ್ರಮಾಣವು ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಹೊಸ ಯಂತ್ರದ ಮೊದಲ ಬದಲಾವಣೆಯನ್ನು ಬೇಗನೆ, ಅನೇಕ ಮಾದರಿಗಳಲ್ಲಿ ಸುಮಾರು 20 ಗಂಟೆಗಳ ಓಟದ ನಂತರ, ಮಾಡಬೇಕಾಗುತ್ತದೆ. ಹೊಸ ಬಿಡಿಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆ ಎಣ್ಣೆಯಲ್ಲಿರುವುದೇ ಇದಕ್ಕೆ ಕಾರಣ. ತದನಂತರ ಸಾಮಾನ್ಯವಾಗಿ 100 ಗಂಟೆಗಳಿಗೊಮ್ಮೆ ಬದಲಾಯಿಸತಕ್ಕದ್ದು.

100 ಗಂಟೆ ಎಂದರೆ ಬಹಳ ದೂರವೆಂದು ತೋರಬಹುದು. ದಿನಕ್ಕೆ 5 ಗಂಟೆಯಂತೆ ತಿಂಗಳಲ್ಲಿ 20 ದಿನ ದೋಣಿ ಓಡಿದರೆ ಒಂದೇ ತಿಂಗಳಿಗೆ 100 ಗಂಟೆ ಮುಗಿಯುತ್ತದೆ. ಅಂತಹ 10 ದೋಣಿಗಳಿರುವ ಒಂದು ತೀರದಲ್ಲಿ ಅಕ್ಟೋಬರಿನಿಂದ ಮೇವರೆಗಿನ 8 ತಿಂಗಳುಗಳಲ್ಲಿ ಸುಮಾರು 80 ಲೀಟರ್ ಹಳೆಯ ಎಣ್ಣೆ ಹೊರಬರುವ ಲೆಕ್ಕವಾಗುತ್ತದೆ. ಸೀಮೆಎಣ್ಣೆ ಯಂತ್ರಗಳ ಕಾಲದಲ್ಲಿ ಈ ಬಾಬ್ತು ಇರಲೇ ಇಲ್ಲ.

ಹಾನಿಯ ಸ್ವರೂಪ

ಅಘನಾಶಿನಿ ಅಳಿವೆಯು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಪಟ್ಟಿಯಲ್ಲಿ ಅದರ ವಿಸ್ತೀರ್ಣ 4,801 ಹೆಕ್ಟೇರ್ ಎಂದು ನಮೂದಾಗಿದೆ. ಗೌರವದ ಮಾತು ಹಾಗಿರಲಿ. ಅಳಿವೆಯ ದಡದ ಕುಟುಂಬಗಳಿಗೆ ಅದು ಮುಖ್ಯವಾಗಿ ಬಳಚು ಹೆಕ್ಕುವ ಸ್ಥಳ. ಇಳಿತದ ವೇಳೆಯಲ್ಲಿ ಕೆಸರಿಗಿಳಿದು ಬಳಚು ಸಂಗ್ರಹಿಸಿ ಮಾರುವುದು ಅನೇಕ ಮಹಿಳೆಯರ ನಿತ್ಯದ ಆದಾಯವಾಗಿದೆ. ಬಳಚು ಓಡಿ ತಪ್ಪಿಸಿಕೊಳ್ಳುವ ಜೀವಿಯಲ್ಲ. ಅದು ಇದ್ದಲ್ಲಿಯೇ ಇದ್ದು ನೀರನ್ನು ಒಳಗೆಳೆದುಕೊಂಡು, ಸೋಸಿ, ಅದರಲ್ಲಿರುವುದನ್ನು ಆಹಾರವಾಗಿ ಉಳಿಸಿಕೊಳ್ಳುತ್ತದೆ. ನೀರಿನಲ್ಲಿ ಎಣ್ಣೆಯ ಅಂಶವಿದ್ದರೆ ಅದೂ ಮಾಂಸದಲ್ಲಿ ಉಳಿಯುತ್ತದೆ. ವಾಸನೆ ಬಂದ ಬಳಚನ್ನು ಯಾರೂ ಕೊಳ್ಳುವುದಿಲ್ಲ. ಎಣ್ಣೆ ಚೆಲ್ಲಿದವರ ಆದಾಯಕ್ಕೆ ಆ ದಿನ ಯಾವ ಕೊರತೆಯೂ ಆಗುವುದಿಲ್ಲ, ನಷ್ಟವಾಗುವುದು ಬುಟ್ಟಿ ಹಿಡಿದು ಕೆಸರಿಗಿಳಿದವರಿಗೆ. ಅಳಿವೆಯ ಉಪ್ಪುನೀರನ್ನೇ ಗಜನಿ ಭೂಮಿಯ ಕಗ್ಗ ಭತ್ತವೂ ಸಾಣಿಕಟ್ಟಾದ ಉಪ್ಪಿನ ಆಗರಗಳೂ ಅವಲಂಬಿಸಿವೆ ಎಂಬುದನ್ನು ಸಹ ನೆನಪಿನಲ್ಲಿಡಬೇಕು.

ಬಳಸಿದ ಎಣ್ಣೆಯು ಹೊಸ ಎಣ್ಣೆಗಿಂತ ಹೆಚ್ಚು ಹಾನಿಕರ. ಅದರಲ್ಲಿ ಲೋಹದ ಪುಡಿ, ಮಸಿ, ಅರೆ ಉರಿದ ಇಂಧನ ಮತ್ತು ಕಾವಿನಿಂದ ಉಂಟಾದ ವಿಷಕಾರಕ ವಸ್ತುಗಳು ಸೇರಿರುತ್ತವೆ. ಒಂದು ಮೋಟಾರು ವಾಹನದಿಂದ ಒಂದು ಬಾರಿಗೆ ಹೊರಬರುವ ಹಳೆಯ ಎಣ್ಣೆಯು 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಪ್ರಕಟಣೆಗಳಲ್ಲಿ ತಿಳಿಸಿದೆ. ಈ ಅಂಕಿಯನ್ನು ಕಡಲಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ಬಾವಿಗೆ ಅನ್ವಯಿಸಬಹುದು. ಮರಳು ನೆಲದ ಬಾವಿಗಳಲ್ಲಿ ನೀರು ಹೆಚ್ಚು ಆಳದಲ್ಲಿರುವುದಿಲ್ಲ. ಅಂಗಳದಲ್ಲಿ ಚೆಲ್ಲಿದ ಎಣ್ಣೆಗೂ ಕುಡಿಯುವ ನೀರಿಗೂ ನಡುವೆ ಇರುವುದು ಕೆಲವು ಅಡಿಗಳ ಮರಳು ಮಾತ್ರ.

ಕೆಲಸಕ್ಕೆ ತಕ್ಕ ಸ್ಥಳ

ಎಣ್ಣೆ ಬದಲಾವಣೆಯನ್ನು ಓಂ ಬೀಚಿನಂತಹ ತೆರೆದ ದಂಡೆಯ ಮೇಲೆ ಮಾಡಲೇಬಾರದು. ಉಬ್ಬರದ ಗೆರೆಯ ಕೆಳಗೆ ಚೆಲ್ಲಿದ್ದು ಮುಂದಿನ ಉಬ್ಬರಕ್ಕೆ, ಎಂದರೆ ಹೆಚ್ಚೆಂದರೆ ಅರ್ಧ ದಿನದೊಳಗೆ, ನೀರಿಗೆ ಸೇರುತ್ತದೆ. ಗಾಳಿಗೆ ಹಾರುವ ಮರಳು ತೆರೆದ ಯಂತ್ರದೊಳಗೆ ಬಿದ್ದರೆ ಹೊಸ ಎಣ್ಣೆಯೂ ವ್ಯರ್ಥ, ಯಂತ್ರಕ್ಕೂ ಸವಕಳಿ. ನೀರಿನಲ್ಲಿ ತೇಲುತ್ತಿರುವ ದೋಣಿಯಲ್ಲಿಯೇ ಯಂತ್ರವನ್ನು ಬಿಚ್ಚುವುದಂತೂ ಕೂಡದು. ಕೈತಪ್ಪಿ ಬಿದ್ದ ಬೋಲ್ಟ್ ಮತ್ತೆ ಸಿಗುವುದಿಲ್ಲ.

ಸಣ್ಣ ಯಂತ್ರಗಳನ್ನು ಹಲಗೆಯಿಂದ ಕಳಚಿ ಹೆಗಲ ಮೇಲೆ ಮನೆಗೆ ಕೊಂಡೊಯ್ಯುವ ರೂಢಿ ಕರಾವಳಿಯಲ್ಲಿ ಮೊದಲಿನಿಂದಲೂ ಇದೆ. ಈ ಕೆಲಸಕ್ಕೆ ಅದು ಅತ್ಯಂತ ಅನುಕೂಲಕರವಾದ ರೂಢಿ. ಮನೆಯ ಹತ್ತಿರ ಅಥವಾ ಶೆಡ್ಡಿನಲ್ಲಿ ಸಿಮೆಂಟಿನ ನೆಲವಿರುವೆಡೆ, ಬಾವಿಯಿಂದ ಹಾಗೂ ಚರಂಡಿಯಿಂದ ದೂರದಲ್ಲಿ, ಎರಡು ಗಟ್ಟಿ ಕಂಬಗಳಿಗೆ ಅಡ್ಡಲಾಗಿ ದಪ್ಪ ಹಲಗೆಯೊಂದನ್ನು ಬಿಗಿದು ಯಂತ್ರವನ್ನು ಅದಕ್ಕೆ ನೇರವಾಗಿ ತೂಗುಹಾಕಬಹುದು. ಕೆಳಗೆ ಸಿಹಿನೀರಿನ ಡ್ರಮ್ ಇಡುವಷ್ಟು ಎತ್ತರವಿರಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ. ಟು ಸ್ಟ್ರೋಕ್ ಯಂತ್ರವನ್ನು ಹೇಗೆ ಮಲಗಿಸಿದರೂ ನಡೆಯುತ್ತಿತ್ತು. ಫೋರ್ ಸ್ಟ್ರೋಕ್ ಯಂತ್ರಕ್ಕೆ ಇದು ಸಲ್ಲದು. ಅದನ್ನು ಯಾವ ಮಗ್ಗುಲಿಗೆ ಮಲಗಿಸಬೇಕು ಎಂಬುದನ್ನು ತಯಾರಕರು ಕೈಪಿಡಿಯಲ್ಲಿಯೂ, ಅನೇಕ ಮಾದರಿಗಳಲ್ಲಿ ಯಂತ್ರದ ಮೈಮೇಲೆಯೇ ಸಹ, ಸೂಚಿಸಿರುತ್ತಾರೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಎಣ್ಣೆಯು ಸಿಲಿಂಡರಿಗೂ ಗಾಳಿಯ ದಾರಿಗೂ ಇಳಿಯುತ್ತದೆ. ಅಂತಹ ಯಂತ್ರದ ಹಗ್ಗವನ್ನು ಬಲವಂತವಾಗಿ ಎಳೆದಲ್ಲಿ ಒಳಭಾಗ ಮುರಿಯುವ ಸಂಭವವಿದೆ. ಯಂತ್ರ ಕೆಟ್ಟಿತೆಂದು ಗ್ಯಾರೇಜಿಗೆ ಬರುವ ಪ್ರಕರಣಗಳಲ್ಲಿ ಕಾರಣ ಕೆಲವೊಮ್ಮೆ ಇಷ್ಟೇ ಆಗಿರಬಹುದು. ಯಂತ್ರವನ್ನು ಸಾಗಿಸುವ ಮುನ್ನ ಅದರ ಕಾಲಿನಲ್ಲಿರುವ ನೀರು ಪೂರ್ತಿ ಬಸಿದುಹೋಗಲು ಬಿಡುವುದು ಸಹ ಅವಶ್ಯ.

ಸಿದ್ಧತೆ

ಬೋಲ್ಟನ್ನು ಬಿಚ್ಚುವ ಮೊದಲೇ ಎಲ್ಲ ಸಾಮಗ್ರಿಗಳೂ ಕೈಗೆ ಸಿಗುವಂತಿರಬೇಕು. ಚೆಲ್ಲಾಟವಾಗುವುದು ಬಹುತೇಕ ಎಣ್ಣೆ ಸುರಿಯುತ್ತಿರುವಾಗ ಪಾತ್ರೆಯನ್ನು ಹುಡುಕಲು ಎದ್ದುಹೋಗುವುದರಿಂದ. ಅಗಲ ಬಾಯಿಯ ಬೋಗುಣಿ, ಲಾಳಿಕೆ, ಹಳೆಯ ಬಟ್ಟೆಗಳು, ದಪ್ಪ ಪ್ಲಾಸ್ಟಿಕ್ ಹಾಳೆ, ಸರಿಯಾದ ಅಳತೆಯ ಸ್ಪ್ಯಾನರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್, ಲೀಟರ್ ಗುರುತುಗಳಿರುವ ಅಳತೆ ಪಾತ್ರೆ, ಬಿಗಿಯಾದ ಮುಚ್ಚಳದ ಖಾಲಿ ಕ್ಯಾನ್ ಇವಿಷ್ಟು ಸಾಕು. ಹೊಸ ಎಣ್ಣೆ ಬಂದ ಕ್ಯಾನನ್ನು ಎಸೆಯದೆ ಇಟ್ಟುಕೊಂಡಲ್ಲಿ ಮುಂದಿನ ಬಾರಿ ಹಳೆಯ ಎಣ್ಣೆಗೆ ಅದೇ ಒದಗುತ್ತದೆ. ಒಂದು ಬುಟ್ಟಿ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಪಕ್ಕದಲ್ಲಿರಲಿ. ಎರಡೂ ಎಣ್ಣೆಯನ್ನು ಚೆನ್ನಾಗಿ ಹೀರುತ್ತವೆ.

ಎಣ್ಣೆಯ ದರ್ಜೆಯನ್ನು ಕೈಪಿಡಿಯಂತೆ ಆಯ್ಕೆ ಮಾಡತಕ್ಕದ್ದು. ಸಾಮಾನ್ಯವಾಗಿ 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40 ದರ್ಜೆಯ, ದೋಣಿ ಯಂತ್ರಗಳಿಗೆಂದೇ ತಯಾರಾದ ಎಫ್‌ಸಿ-ಡಬ್ಲ್ಯೂ ಗುರುತಿನ ಫೋರ್ ಸ್ಟ್ರೋಕ್ ಎಣ್ಣೆಯನ್ನು ಶಿಫಾರಸು ಮಾಡಲಾಗುತ್ತದೆ. ಮನೆಯಲ್ಲಿ ಉಳಿದಿರುವ ಟು ಸ್ಟ್ರೋಕ್ ಎಣ್ಣೆಯನ್ನು ಮುಗಿಸುವ ಉದ್ದೇಶದಿಂದ ಇದರಲ್ಲಿ ಸುರಿಯಬಾರದು.

ಬೀಡಿ, ಸಿಗರೇಟು, ದೀಪ ಹತ್ತಿರವಿರಕೂಡದು. ಪೆಟ್ರೋಲ್ ಕೊಳವೆಯನ್ನು ಕಳಚಿ ಟ್ಯಾಂಕನ್ನು ದೂರದಲ್ಲಿಡುವುದು ಒಳ್ಳೆಯದು. ಯಂತ್ರವನ್ನು ಓಡಿಸಿ ಬಿಸಿ ಮಾಡುವ ವೇಳೆಗೆ ಮಾತ್ರ ಅದು ಬೇಕು.

ಎಣ್ಣೆಯನ್ನು ಹೊರತೆಗೆಯುವ ಕ್ರಮ

ಯಂತ್ರದ ಕಾಲನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಸುಮಾರು 5 ನಿಮಿಷ ನಿಧಾನ ವೇಗದಲ್ಲಿ ಓಡಿಸಬೇಕು. ಇದರಿಂದ ಒಳಗಿನ ಉಪ್ಪು ತೊಳೆದುಹೋಗುವುದಲ್ಲದೆ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ; ತಳದಲ್ಲಿ ನಿಂತ ಕೊಳೆಯೂ ಎಣ್ಣೆಯೊಂದಿಗೆ ಬೆರೆತು ಹೊರಬರುತ್ತದೆ. ನೀರಿಲ್ಲದೆ ಒಂದು ಕ್ಷಣವೂ ಓಡಿಸಕೂಡದು. ನೀರೆತ್ತುವ ರಬ್ಬರ್ ಚಕ್ರವು ಒಣಗಿ ತಿರುಗಿದರೆ ಬೇಗನೆ ಹಾಳಾಗುತ್ತದೆ. ಡ್ರಮ್ಮಿನೊಳಗೆ ಪ್ರೊಪೆಲ್ಲರ್ ತಿರುಗದಂತೆ ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಯಂತ್ರವನ್ನು ನಿಲ್ಲಿಸಿ, ಕೈ ಸುಡದಷ್ಟು ತಣಿಯುವವರೆಗೆ ಸುಮಾರು 10 ನಿಮಿಷ ಕಾಯುವುದು ಸೂಕ್ತ. ಅನಂತರ ಸ್ಟಾರ್ಟ್ ಆಗದಂತೆ ತುರ್ತು ನಿಲುಗಡೆಯ ಹಗ್ಗವನ್ನು ಕಳಚಿಡಬೇಕು.

ಅತಿ ಸ್ವಚ್ಛವಾದ ವಿಧಾನವೆಂದರೆ ಕೈಪಂಪಿನಿಂದ ಹೀರುವುದು. ಅಳತೆ ಕಡ್ಡಿಯನ್ನು ತೆಗೆದು, ಅದೇ ರಂಧ್ರದಿಂದ ತೆಳುವಾದ ಕೊಳವೆಯನ್ನು ತಳ ಮುಟ್ಟುವವರೆಗೆ ಇಳಿಸಿ, ಎಣ್ಣೆಯನ್ನು ನೇರವಾಗಿ ಕ್ಯಾನಿಗೆ ಎಳೆಯಬಹುದು. ಇದರಲ್ಲಿ ಕೆಳಗಿನ ಬೋಲ್ಟನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ, ಹನಿ ನೆಲಕ್ಕೆ ಬೀಳುವ ಸಂದರ್ಭವೂ ಕಡಿಮೆ. ಒಂದೊಂದು ದೋಣಿಗೂ ಒಂದೊಂದು ಪಂಪ್ ಬೇಕಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಬೇಕಾಗುವ ಉಪಕರಣವಾದುದರಿಂದ ಒಂದು ತೀರದ ದೋಣಿ ಮಾಲೀಕರು ಕೂಡಿ ಒಂದನ್ನು ಕೊಳ್ಳುವುದೇ ಲಾಭದಾಯಕ. ಆದರೆ ಕೆಲವು ಮಾದರಿಗಳಲ್ಲಿ ಕೊಳವೆ ಪೂರ್ತಿ ತಳಕ್ಕೆ ಇಳಿಯುವುದಿಲ್ಲ. ಹೊರಬಂದ ಎಣ್ಣೆಯನ್ನು ಅಳೆದಾಗ ಬಹಳ ಕಡಿಮೆ ಎಂದು ಕಂಡರೆ ಬೋಲ್ಟಿನ ವಿಧಾನವನ್ನೇ ಅನುಸರಿಸಬೇಕು.

ಬೋಲ್ಟಿನ ವಿಧಾನದಲ್ಲಿ ತೊಂದರೆ ಇರುವುದು ಯಂತ್ರದ ರಚನೆಯಲ್ಲಿಯೇ. ಮೋಟಾರ್ ಸೈಕಲ್ಲಿನಲ್ಲಿ ಡ್ರೈನ್ ಬೋಲ್ಟ್ ತಳದಲ್ಲಿದ್ದು ಎಣ್ಣೆ ನೇರವಾಗಿ ಕೆಳಗೆ ಬೀಳುತ್ತದೆ. ಸಣ್ಣ ಔಟ್‌ಬೋರ್ಡ್‌ಗಳಲ್ಲಿ ಅದು ಸಾಮಾನ್ಯವಾಗಿ ಕಾಲಿನ ಮೇಲ್ಭಾಗದ ಪಕ್ಕದಲ್ಲಿರುತ್ತದೆ. ಬಿಚ್ಚಿದೊಡನೆ ಎಣ್ಣೆಯು ಮೊದಲು ಚಿಮ್ಮಿ, ನಂತರ ರಭಸ ಕಡಿಮೆಯಾಗುತ್ತಲೇ ಕಾಲಿನ ಬಣ್ಣವನ್ನು ಅಂಟಿಕೊಂಡು ಕೆಳಗಿಳಿಯುತ್ತದೆ. ಬೋಗುಣಿ ಎಲ್ಲಿಟ್ಟರೂ ಅರ್ಧ ಎಣ್ಣೆ ಅದರ ಹೊರಗೆ ತೊಟ್ಟಿಕ್ಕುವುದು ಇದರಿಂದಲೇ. ಪರಿಹಾರ ಸುಲಭವಾಗಿದೆ. ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದನ್ನು ಉದ್ದಕ್ಕೆ ಸೀಳಿ ದೋಣಿಯಂತೆ ಮಾಡಿಕೊಂಡು, ಅದರ ಒಂದು ತುದಿಯನ್ನು ಬೋಲ್ಟಿನ ಕೆಳಗೆ ಕಾಲಿಗೆ ಒತ್ತಿ ಟೇಪಿನಿಂದ ಅಂಟಿಸಬೇಕು. ಇನ್ನೊಂದು ತುದಿ ಬೋಗುಣಿಯೊಳಗೆ ಇರಬೇಕು. ಟೇಪು ಹಿಡಿಯಬೇಕಾದರೆ ಆ ಭಾಗವನ್ನು ಮೊದಲು ಒಣ ಬಟ್ಟೆಯಿಂದ ಒರೆಸಿರಬೇಕು. ಎಣ್ಣೆ ತಾಗಿದ ಮೇಲೆ ಟೇಪು ಅಂಟುವುದಿಲ್ಲ. ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನು ಅಂಚುಗಳು ಮೇಲಕ್ಕೆ ಮಡಚಿರುವಂತೆ ಹಾಸತಕ್ಕದ್ದು.

ಎಣ್ಣೆ ತುಂಬುವ ಮೇಲಿನ ಮುಚ್ಚಳವನ್ನು ಈ ಹಂತದಲ್ಲಿ ತೆರೆಯದೆ ಬಿಡುವುದರಲ್ಲಿ ಒಂದು ಉಪಾಯವಿದೆ. ಮೇಲಿನಿಂದ ಗಾಳಿ ಹೋಗದಿದ್ದಲ್ಲಿ ಎಣ್ಣೆ ರಭಸವಾಗಿ ಹೊರಬರಲಾರದು. ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಉಳಿದದ್ದನ್ನು ಒಳಮುಖವಾಗಿ ಒತ್ತಿ ಹಿಡಿದು ಕೈಯಿಂದಲೇ ತಿರುಗಿಸಿ, ಕೊನೆಯ ಸುತ್ತು ಬಿಟ್ಟ ಕೂಡಲೇ ಪಕ್ಕಕ್ಕೆ ಸರಿಸಬೇಕು. ಧಾರೆಯು ಬಾಟಲಿಯ ಹಾದಿಯಲ್ಲಿ ಸರಿಯಾಗಿ ಹರಿಯುತ್ತಿದೆ ಎಂದು ಖಚಿತವಾದ ಮೇಲೆ ಮೇಲಿನ ಮುಚ್ಚಳವನ್ನು ತೆರೆಯಬಹುದು. ಪೂರ್ತಿ ಬಸಿಯಲು 10 ರಿಂದ 15 ನಿಮಿಷ ಬೇಕು. ಅವಸರ ಮಾಡಿ ಬೋಲ್ಟನ್ನು ಹಾಕಿದರೆ ಕೊನೆಯಲ್ಲಿ ಬರುವ ಹೆಚ್ಚು ಕೊಳೆಯ ಎಣ್ಣೆಯೇ ಒಳಗೆ ಉಳಿಯುತ್ತದೆ. ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಹಾಕಬೇಕು. ಹಳೆಯ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾಗಿರುತ್ತದೆ; ಅದನ್ನೇ ಮತ್ತೆ ಬಳಸಿದಲ್ಲಿ ದಿನವೂ ಹನಿ ಹನಿಯಾಗಿ ಸೋರಿ ಒಂದು ತಿಂಗಳಿನ ಎಚ್ಚರಿಕೆಯನ್ನು ವ್ಯರ್ಥ ಮಾಡುತ್ತದೆ.

ಫಿಲ್ಟರ್ ಇರುವ ಮಾದರಿಗಳಲ್ಲಿ ಅದನ್ನು ಬಿಚ್ಚುವ ಮುನ್ನ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಅದರ ಸುತ್ತ ಕೈಗವಸಿನಂತೆ ತೊಡಿಸಿ, ಚೀಲದ ಹೊರಗಿನಿಂದಲೇ ತಿರುಗಿಸಿ ತೆಗೆದರೆ ಒಳಗಿನ ಎಣ್ಣೆ ಚೀಲದಲ್ಲಿಯೇ ಉಳಿಯುತ್ತದೆ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಿನಿಂದ ಸ್ವಲ್ಪ ಹೊಸ ಎಣ್ಣೆಯನ್ನು ಸವರಿ ಕೈಯಿಂದ ಬಿಗಿಯಬೇಕು.

ಹೊಸ ಎಣ್ಣೆ ತುಂಬುವುದು

ಕೈಪಿಡಿಯಲ್ಲಿ ಹೇಳಿದ ಪ್ರಮಾಣದ ಮುಕ್ಕಾಲು ಭಾಗವನ್ನು ಲಾಳಿಕೆಯ ಮೂಲಕ ನಿಧಾನವಾಗಿ ಸುರಿದು, ಎಣ್ಣೆ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು, ಯಂತ್ರವು ನೇರವಾಗಿ ನಿಂತಿರುವಾಗ ಅಳತೆ ಕಡ್ಡಿಯಿಂದ ನೋಡಬೇಕು. ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮೇಲಿನ ಗುರುತನ್ನು ಮೀರದಂತೆ ನಿಲ್ಲಿಸತಕ್ಕದ್ದು. ಹೆಚ್ಚು ಎಣ್ಣೆ ಇದ್ದರೆ ಹೆಚ್ಚು ರಕ್ಷಣೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಾದ ಎಣ್ಣೆಯು ನೊರೆಯಾಗಿ ಯಂತ್ರಕ್ಕೆ ಹಾನಿ ಮಾಡುವುದಲ್ಲದೆ ಉಸಿರು ಕೊಳವೆಯ ಮೂಲಕ ಹೊರಬರುತ್ತದೆ. ಅನಂತರ ಡ್ರಮ್ಮಿನಲ್ಲಿ 5 ನಿಮಿಷ ಓಡಿಸಿ, ಬೋಲ್ಟಿನ ಸುತ್ತ ಒಣ ಬೆರಳಾಡಿಸಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ನಿಲ್ಲಿಸಿ, ಮತ್ತೊಮ್ಮೆ ಕಡ್ಡಿ ನೋಡಬೇಕು. ಡ್ರಮ್ಮಿನ ನೀರಿನ ಮೇಲೆ ಎಣ್ಣೆಯ ಪೊರೆ ಕಂಡರೆ ಅದನ್ನು ಬಟ್ಟೆಯಿಂದಲೋ ನಾರಿನಿಂದಲೋ ತೆಗೆದ ಮೇಲೆಯೇ ನೀರನ್ನು ಚೆಲ್ಲುವುದು.

ಗೇರ್ ಪೆಟ್ಟಿಗೆಯ ಎಣ್ಣೆ

ಟು ಸ್ಟ್ರೋಕ್ ಯಂತ್ರಕ್ಕೂ ಫೋರ್ ಸ್ಟ್ರೋಕ್ ಯಂತ್ರಕ್ಕೂ ಇದು ಸಮಾನ. ಪ್ರಮಾಣ ಸ್ವಲ್ಪವೇ ಆದರೂ ಈ ಎಣ್ಣೆ ಸದಾ ನೀರಿನ ಕೆಳಗೆ ಕೆಲಸ ಮಾಡುವುದರಿಂದ ಸೀಲ್ ಸವೆದಲ್ಲಿ ನೇರವಾಗಿ ಕಡಲಿಗೇ ಸೋರುತ್ತದೆ. ಕಾಲಿನ ತುದಿಯಲ್ಲಿ ಎರಡು ತಿರುಪುಗಳಿರುತ್ತವೆ. ಮೊದಲು ಕೆಳಗಿನದನ್ನೂ ನಂತರ ಮೇಲಿನದನ್ನೂ ಬಿಚ್ಚಿ ಬಸಿಯಬೇಕು. ಹೊರಬಂದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಪ್ರೊಪೆಲ್ಲರ್ ದಂಡಕ್ಕೆ ಸಿಕ್ಕಿಕೊಂಡ ಬಲೆಯ ದಾರ ಅಥವಾ ತಂಗೂಸು ಸೀಲನ್ನು ಕತ್ತರಿಸಿರುವುದು ಇದಕ್ಕೆ ಸಾಮಾನ್ಯ ಕಾರಣ. ಪ್ರೊಪೆಲ್ಲರನ್ನು ಕಳಚಿ ನೋಡಿ, ಸೀಲನ್ನು ಬದಲಾಯಿಸದೆ ಹೊಸ ಎಣ್ಣೆಯನ್ನು ತುಂಬುವುದರಿಂದ ಪ್ರಯೋಜನವಿಲ್ಲ.

ತುಂಬುವಾಗ ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಪೆಟ್ಟಿಗೆ ಅರ್ಧ ಖಾಲಿ ಉಳಿಯುತ್ತದೆ. ಆದುದರಿಂದ ಟ್ಯೂಬಿನ ಅಥವಾ ಪಂಪಿನ ಮೂತಿಯನ್ನು ಕೆಳಗಿನ ರಂಧ್ರಕ್ಕೆ ಒತ್ತಿ, ಮೇಲಿನ ರಂಧ್ರದಿಂದ ಗುಳ್ಳೆ ಇಲ್ಲದ ಎಣ್ಣೆ ಹೊರಬರುವವರೆಗೆ ತುಂಬಬೇಕು. ಆಗ ಮೊದಲು ಮೇಲಿನ ತಿರುಪನ್ನು ಬಿಗಿಯುವುದು. ಮೇಲೆ ಮುಚ್ಚಿರುವುದರಿಂದ, ಮೂತಿಯನ್ನು ತೆಗೆದರೂ ಕೆಳಗಿನಿಂದ ಎಣ್ಣೆ ಕೂಡಲೇ ಸುರಿಯದೆ ಕೆಳಗಿನ ತಿರುಪನ್ನು ಹಾಕಲು ಸಮಯ ಸಿಗುತ್ತದೆ. ಈ ಅನುಕ್ರಮ ತಪ್ಪಿದಲ್ಲಿ ಚೆಲ್ಲುವುದು ನಿಶ್ಚಿತ. ಸಾಮಾನ್ಯವಾಗಿ ಎಸ್‌ಎಇ 90 ದರ್ಜೆಯ ಗೇರ್ ಎಣ್ಣೆ ಬಳಕೆಯಲ್ಲಿದೆ.

ಚೆಲ್ಲಿದ ಪಕ್ಷದಲ್ಲಿ

ಎಷ್ಟೇ ಎಚ್ಚರವಿದ್ದರೂ ಸ್ವಲ್ಪ ಚೆಲ್ಲುವುದುಂಟು. ಸಿಮೆಂಟಿನ ನೆಲದ ಮೇಲಾದರೆ ನಾರಿನ ಪುಡಿ ಅಥವಾ ಹೊಟ್ಟನ್ನು ಹರಡಿ, ಹೀರಿದ ನಂತರ ಗುಡಿಸಿ ಚೀಲಕ್ಕೆ ತುಂಬಬೇಕು. ಮರಳಿನ ಮೇಲಾದರೆ ಮೇಲೆ ಬೇರೆ ಮರಳು ಎಳೆದು ಮುಚ್ಚುವುದು ಪರಿಹಾರವಲ್ಲ. ಕಲೆಯಾದ ಮರಳನ್ನು ಉಬ್ಬರ ಬರುವ ಮೊದಲೇ ಸಲಿಕೆಯಿಂದ ಪೂರ್ತಿ ಎತ್ತಿ ಚೀಲಕ್ಕೆ ಹಾಕತಕ್ಕದ್ದು. ನೀರಿಗೆ ಬಿದ್ದ ಎಣ್ಣೆಗೆ ಸೋಪಿನ ಪುಡಿ ಹಾಕುವುದನ್ನು ಕೆಲವೆಡೆ ಕಾಣಬಹುದು. ಪೊರೆ ಕಣ್ಣಿಗೆ ಮರೆಯಾಗುತ್ತದೆ, ಆದರೆ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಬೆರೆತು ಬಳಚು ಮತ್ತು ಮೀನುಮರಿಗಳಿಗೆ ಇನ್ನಷ್ಟು ಸುಲಭವಾಗಿ ತಲುಪುತ್ತದೆ. ನಾರು ತುಂಬಿದ ಗೋಣಿಚೀಲವನ್ನು ನೀರಿನ ಮೇಲೆ ಎಳೆದು ಹೀರಿಸುವುದೇ ಸರಿಯಾದ ಕ್ರಮ.

ಕೈಗೆ ತಾಗಿದ ಹಳೆಯ ಎಣ್ಣೆಯನ್ನು ಪೆಟ್ರೋಲಿನಿಂದ ತೊಳೆಯಬಾರದು. ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ ಆಮೇಲೆ ಸೋಪಿನಿಂದ ತೊಳೆದರೆ ಹೋಗುತ್ತದೆ. ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲವಾದುದರಿಂದ ಕೈಗವಸು ಧರಿಸುವುದು ಉತ್ತಮ.

ಹಳೆಯ ಎಣ್ಣೆಯ ವಿಲೇವಾರಿ

ಆಡುಮಾತಿನಲ್ಲಿ ವೇಸ್ಟ್ ಆಯಿಲ್ ಎಂದು ಕರೆಯುವ ಈ ಎಣ್ಣೆಗೆ ಹಳ್ಳಿಗಳಲ್ಲಿ ಹಲವು ಉಪಯೋಗಗಳನ್ನು ಹೇಳುವುದುಂಟು. ಗೆದ್ದಲು ಬಾರದಂತೆ ಬೇಲಿಗೂಟಕ್ಕೆ ಹಚ್ಚುವುದು, ಒಲೆ ಹೊತ್ತಿಸಲು ಬಳಸುವುದು, ದೋಣಿಯ ಹಲಗೆಗೆ ಬಳಿಯುವುದು ಅವುಗಳಲ್ಲಿ ಕೆಲವು. ಇವು ಯಾವುವೂ ಸರಿಯಲ್ಲ. ಗೂಟದಿಂದ ಅದು ಮಳೆಗಾಲದಲ್ಲಿ ಮಣ್ಣಿಗಿಳಿಯುತ್ತದೆ, ಒಲೆಯಿಂದ ಹೊಗೆಯೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ, ಹಲಗೆಯಿಂದ ನೀರಿಗೆ ಸೇರುತ್ತದೆ. ಮರದ ದೋಣಿಗೆ ಗೇರೆಣ್ಣೆ, ಮೀನೆಣ್ಣೆಗಳನ್ನು ಬಳಿಯುವ ಹಿಂದಿನ ಪದ್ಧತಿಗೂ ಇದಕ್ಕೂ ಹೋಲಿಕೆ ಇಲ್ಲ.

ಬಳಸಿದ ಎಣ್ಣೆಯು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಸಂಸ್ಕರಿಸಿ ಮತ್ತೆ ಎಣ್ಣೆ ಮಾಡಲು ಅಧಿಕಾರ ಪಡೆದ ಘಟಕಗಳಿಗೇ ತಲುಪಿಸಬೇಕು. 2023ರಲ್ಲಿ ಈ ನಿಯಮಗಳಿಗೆ ಆದ ತಿದ್ದುಪಡಿಯಂತೆ, 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಯ ಮರುಸಂಸ್ಕರಣೆಯ ಹೊಣೆಯನ್ನು ಎಣ್ಣೆ ತಯಾರಕರು ಹಾಗೂ ಆಮದುದಾರರ ಮೇಲೆಯೂ ಹೊರಿಸಲಾಗಿದೆ. ನೀರಿನ ಮೂಲಗಳಿಗೆ ಮಾಲಿನ್ಯಕಾರಕ ವಸ್ತುಗಳನ್ನು ತಿಳಿದೂ ಸೇರಿಸುವುದು 1974ರ ಜಲ ಮಾಲಿನ್ಯ ನಿವಾರಣಾ ಕಾಯ್ದೆಯಡಿಯಲ್ಲಿ ನಿಷಿದ್ಧವಾಗಿದೆ.

ಒಂದು ಲೀಟರ್ ಎಣ್ಣೆಗಾಗಿ ಯಾವ ಘಟಕವೂ ತೀರಕ್ಕೆ ವಾಹನ ಕಳುಹಿಸುವುದಿಲ್ಲ. ಆದುದರಿಂದ ಸಣ್ಣ ಮಾಲೀಕರಿಗೆ ಅನುಕೂಲವಾದ ದಾರಿ ಕೂಡಿಡುವುದೇ ಆಗಿದೆ. ಮೀನುಗಾರರ ಸಹಕಾರ ಸಂಘದಲ್ಲಿಯೋ ದೋಣಿ ಮಾಲೀಕರೊಬ್ಬರ ಶೆಡ್ಡಿನಲ್ಲಿಯೋ ಮುಚ್ಚಳವಿರುವ ಒಂದು ಡ್ರಮ್ಮನ್ನು ನೆರಳಿನಲ್ಲಿ, ಮಳೆನೀರು ತಾಗದಂತೆ ಇಟ್ಟು, ಎಲ್ಲರೂ ತಂದು ಸುರಿದು, ತುಂಬಿದಾಗ ಒಟ್ಟಿಗೆ ಕೊಡಬಹುದು. ಅಥವಾ ಅಧಿಕೃತ ಸಂಗ್ರಾಹಕರಿಗೆ ಎಣ್ಣೆ ಕೊಡುವ ಪಟ್ಟಣದ ವಾಹನ ದುರಸ್ತಿ ಕೇಂದ್ರದೊಂದಿಗೆ ಮಾತನಾಡಿಕೊಳ್ಳಬಹುದು. ಕೊಳ್ಳಲು ಬಂದವರು ಅಧಿಕಾರಪತ್ರ ಹೊಂದಿರುವರೇ ಎಂದು ಕೇಳುವ ಹಕ್ಕು ಕೊಡುವವರಿಗೆ ಇದೆ, ಕೇಳುವುದೂ ಒಳ್ಳೆಯದು. ಅಧಿಕೃತ ಘಟಕಗಳ ವಿವರಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರದ ಪ್ರಾದೇಶಿಕ ಕಚೇರಿಯನ್ನು ವಿಚಾರಿಸಬಹುದು.

ಕೂಡಿಡುವಾಗ ನೀರು, ಪೆಟ್ರೋಲ್, ಸೀಮೆಎಣ್ಣೆ, ಬಣ್ಣದ ತಿನ್ನರ್ ಇತ್ಯಾದಿ ಬೆರೆಯಬಾರದು. ಬೆರೆತ ಎಣ್ಣೆಯ ಸಂಸ್ಕರಣೆ ಕಷ್ಟವಾದುದರಿಂದ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಹಾಲಿನಂತಾದ ಗೇರ್ ಎಣ್ಣೆಗೆ ಪ್ರತ್ಯೇಕ ಡಬ್ಬಿ ಇರಲಿ. ಕುಡಿಯುವ ನೀರಿನ ಬಾಟಲಿಗಳಲ್ಲಿಯೂ ಅಡುಗೆ ಎಣ್ಣೆಯ ಡಬ್ಬಿಗಳಲ್ಲಿಯೂ ಹಳೆಯ ಎಣ್ಣೆಯನ್ನು ತುಂಬಿಡಬಾರದು. ಮಕ್ಕಳಿರುವ ಮನೆಗಳಲ್ಲಿ ಇದು ಅಪಾಯಕಾರಿ. ಎಣ್ಣೆ ಹೀರಿದ ಬಟ್ಟೆ, ನಾರು ಹಾಗೂ ಬಸಿದ ಫಿಲ್ಟರುಗಳನ್ನು ಪ್ರತ್ಯೇಕ ಚೀಲದಲ್ಲಿಟ್ಟು ಎಣ್ಣೆಯೊಂದಿಗೇ ಒಪ್ಪಿಸುವುದು.

ಲೆಕ್ಕದ ಪುಸ್ತಕ

ದೋಣಿಯ ಡೀಸೆಲ್, ಪೆಟ್ರೋಲ್, ಮಂಜುಗಡ್ಡೆಗಳ ಲೆಕ್ಕವಿಡುವ ಪುಸ್ತಕದಲ್ಲಿಯೇ ಎಣ್ಣೆಗೂ ಒಂದು ಪುಟವನ್ನು ಮೀಸಲಿಡುವುದು ಉಪಯುಕ್ತ. ದಿನಾಂಕ, ಯಂತ್ರ ಓಡಿದ ಗಂಟೆಗಳು, ತುಂಬಿದ ಎಣ್ಣೆ, ಹೊರತೆಗೆದ ಎಣ್ಣೆ ಎಂಬ ನಾಲ್ಕು ಕಲಂಗಳು ಸಾಕು. ಗಂಟೆ ತೋರಿಸುವ ಮೀಟರ್ ಸಣ್ಣ ಯಂತ್ರಗಳಲ್ಲಿ ಇಲ್ಲದಿದ್ದರೆ ಹೊರಟ ಮತ್ತು ಮರಳಿದ ವೇಳೆಯಿಂದ ಅಂದಾಜು ಮಾಡಬಹುದು.

ಈ ಪುಟದ ನಿಜವಾದ ಬೆಲೆ ಇರುವುದು ಕೊನೆಯ ಎರಡು ಕಲಂಗಳನ್ನು ಹೋಲಿಸುವುದರಲ್ಲಿ. ಕಳೆದ ಬಾರಿ 800 ಮಿ.ಲೀ. ತುಂಬಿ, ಈ ಬಾರಿ ಅಷ್ಟೇ ಸುಮಾರಿಗೆ ಹೊರಬಂದರೆ ಯಂತ್ರ ಆರೋಗ್ಯವಾಗಿದೆ. 600 ಮಿ.ಲೀ. ಮಾತ್ರ ಬಂದಲ್ಲಿ ಉಳಿದ 200 ಮಿ.ಲೀ. ಒಂದೋ ಉರಿದಿದೆ ಅಥವಾ ಎಲ್ಲಿಯೋ ಸೋರಿದೆ. ಸೋರಿಕೆಯ ಜಾಗವನ್ನು ಹುಡುಕಬೇಕು. ತುಂಬಿದ್ದಕ್ಕಿಂತ ಹೆಚ್ಚು ಬಂದಲ್ಲಿ ಅದು ಇನ್ನೂ ಗಂಭೀರ. ಪೆಟ್ರೋಲಿನ ವಾಸನೆ ಇದ್ದರೆ ಇಂಧನವು ಎಣ್ಣೆಗೆ ಇಳಿಯುತ್ತಿದೆ. ದಡದ ಹತ್ತಿರ ನಿಧಾನ ವೇಗದಲ್ಲಿಯೇ ಬಹಳ ಹೊತ್ತು ಓಡಿಸುವ ಯಂತ್ರಗಳಲ್ಲಿ ಇದು ಸಾಧ್ಯ. ವಾಸನೆ ಇಲ್ಲದೆ ಬಣ್ಣ ಹಾಲಿನಂತಿದ್ದರೆ ನೀರು ಸೇರಿದೆ. ಎರಡೂ ಸಂದರ್ಭಗಳಲ್ಲಿ ಯಂತ್ರವನ್ನು ಕಡಲಿಗೆ ಒಯ್ಯದೆ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು. ಅಲೆಗಳ ನಡುವೆ ಯಂತ್ರ ನಿಂತುಹೋದರೆ ಓಂ ಬೀಚಿನ ಬಂಡೆಗಳು ಬಹಳ ಹತ್ತಿರದಲ್ಲಿವೆ.

ಜೂನ್ ಮತ್ತು ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ದೋಣಿಗಳು ದಡ ಸೇರುತ್ತವೆಯಾದರೂ 10 ಅಶ್ವಶಕ್ತಿಯವರೆಗಿನ ಯಂತ್ರವಿರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಮಳೆಗಾಲದ ಮೀನುಗಾರಿಕೆಗೆ ಇಳಿಯುವವರು ಮೇ ತಿಂಗಳ ಕೊನೆಯೊಳಗೆ ಎರಡೂ ಎಣ್ಣೆಗಳನ್ನು ಬದಲಾಯಿಸಿಕೊಳ್ಳುವುದು ಕ್ಷೇಮ. ಮಳೆಗಾಲ ಮುಗಿಯುವವರೆಗೆ ಯಂತ್ರವನ್ನು ಎತ್ತಿಡುವವರು ಸಹ ಗಂಟೆ ಪೂರ್ತಿಯಾಗಿಲ್ಲವೆಂದು ಬಿಡದೆ, ಎತ್ತಿಡುವ ಮೊದಲೇ ಬದಲಾಯಿಸಬೇಕು. ಹಳೆಯ ಎಣ್ಣೆಯಲ್ಲಿರುವ ಆಮ್ಲಾಂಶ ಮತ್ತು ತೇವವು ತಿಂಗಳುಗಟ್ಟಲೆ ಒಳಗೆ ನಿಂತು ತುಕ್ಕು ಹಿಡಿಸುತ್ತದೆ. ಯಂತ್ರ ಬದಲಾವಣೆಯ ಸಹಾಯಧನ ಹಾಗೂ ಇತರ ವಿವರಗಳಿಗೆ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.